ಒಂಬತ್ತನೆಯ ಗೇಟು

"ಮನೇಲಿ ಯಾರಿದ್ದೀರಿ?" ಎಂದು ಮೇಡಂ ಮೂರನೆಯ ಸಲ ಕೂಗಿದರು. ಗೇಟಿನ ಕಂಬದ ಮೇಲೆ ಕರೆಗಂಟೆಯ ಗುಂಡಿಯೇನೋ ಇತ್ತು. ಒತ್ತಿದರೆ ಒಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ, ಸದ್ದೂ ಆಗಲಿಲ್ಲ. ಬೀದಿಯಲ್ಲಿರುವುದು ಒಂಬತ್ತು ಮನೆ, ಒಂಬತ್ತರಲ್ಲೂ ಕರೆಗಂಟೆಯ ಗತಿ ಇದೇ ಎಂದು ಅವರಿಗಿನ್ನೂ ಗೊತ್ತಿರಲಿಲ್ಲ. ಉಪ್ಪು ಗಾಳಿ ತಂತಿಯನ್ನು ತಿಂದು ಹಾಕುತ್ತದೆ. ಹೊಸದು ಹಾಕಿಸಿ ಹಾಕಿಸಿ ಸಾಕಾಗಿ ಬೀದಿಯವರು ಕೈಬಿಟ್ಟಿದ್ದಾರೆ. ಬಂದವರು ಕೂಗಬೇಕು, ಕೂಗಿ ಕಾಯಬೇಕು. ಒಳಗಿನವರಿಗೂ ಅಂಥ ಅವಸರವೇನಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ ಆಮೇಲೆ ಬರುತ್ತಾರೆ.

ಕಾಯುವುದು ಮೇಡಂಗೆ ಬೇಸರದ ಕೆಲಸವಲ್ಲ. ಏಳನೆಯ ತರಗತಿಗೆ ಗಣಿತ ಹೇಳಿಕೊಡುವ ಅವರನ್ನು ಈ ವಾರ ಗಣತಿಗೆ ಹಾಕಿದ್ದರು. ಶಾಲೆಯ ಉಳಿದವರು ಮುಖ ಸಿಂಡರಿಸಿಕೊಂಡು ಹೊರಟರೆ ಇವರು ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರು. ಕಂಡವರ ಮನೆಯೊಳಗೆ ಹೋಗಿ, ಕುರ್ಚಿ ಹಾಕಿಸಿಕೊಂಡು ಕುಳಿತು, ಎಷ್ಟು ಜನ, ಎಷ್ಟು ಕೋಣೆ, ನೀರು ಎಲ್ಲಿಂದ ಎಂದು ಸರ್ಕಾರದ ಹೆಸರಿನಲ್ಲೇ ಕೇಳಬಹುದು ಅಂದರೆ ಅದಕ್ಕಿಂತ ಸುಖ ಬೇರೇನಿದೆ? ನಿನಗೆ ಹೇಳಿ ಮಾಡಿಸಿದ ಕೆಲಸ ಕಣೇ, ಮೂಗು ತೂರಿಸೋದಕ್ಕೆ ಸಂಬಳ ಬೇರೆ ಕೊಡ್ತಾರೆ ಎಂದು ಅವರ ಅತ್ತೆ ನಕ್ಕಿದ್ದರು.

ಊರು ಮುಗಿದು, ಬಸ್ಸು ತಿರುಗಿಸಿಕೊಳ್ಳುವ ಜಾಗವೂ ಮುಗಿದ ಮೇಲೆ ಈ ಬೀದಿ. ಬೀದಿಯ ಕೊನೆಗೆ ಮೊಳಕಾಲೆತ್ತರದ ಗೋಡೆ, ಗೋಡೆಯಾಚೆ ಸಮುದ್ರ. ಮೊದಲೆಲ್ಲ ಗೋಡೆಯಾಚೆ ಮಕ್ಕಳು ಚೆಂಡಾಡುವಷ್ಟು ಮರಳಿತ್ತಂತೆ. ಈಗ ಅಲೆ ಗೋಡೆಗೇ ಬಂದು ಬಡಿಯುತ್ತದೆ. ಇನ್ನೆರಡು ವರ್ಷದಲ್ಲಿ ಬೀದಿ ಖಾಲಿ ಮಾಡಿಸಿ, ನಾಲ್ಕು ಸ್ಟಾಪ್ ಒಳಗೆ ಎಲ್ಲರಿಗೂ ಹೊಸ ಮನೆ ಕೊಡುವುದೆಂದು ತೀರ್ಮಾನವಾಗಿತ್ತು. ಯಾರ್ಯಾರಿಗೆ ಎಂಬುದಕ್ಕೆ ಮೇಡಂ ಕೈಯಲ್ಲಿದ್ದ ಹಾಳೆಗಳೇ ಆಧಾರ. ಹಾಳೆಯಲ್ಲಿ ಇದ್ದವರಿಗೆ ಜಾಗ ಉಂಟು, ಇಲ್ಲದವರಿಗೆ ಇಲ್ಲ. ಶನಿವಾರ ಸಂಜೆ ಐದರೊಳಗೆ ಹಾಳೆಗಳು ಕಚೇರಿ ಸೇರಬೇಕು. ಅವತ್ತು ಬುಧವಾರ.

ಕಾಯುತ್ತಾ ನಿಂತಾಗಲೇ ಅವರ ಕಣ್ಣು ಗೇಟಿನ ಕಲ್ಲುಕಂಬದ ಒಳಮೈ ಮೇಲೆ ಬಿತ್ತು. ಸಣ್ಣ ಬ್ರಶ್ಶಿನಿಂದ ಬರೆದ ತಾರೀಖುಗಳು, ಒಂದರ ಕೆಳಗೊಂದು, ಜೋಡಿ ಜೋಡಿಯಾಗಿ. ಕೆಲವು ಹಸಿರು, ಕೆಲವು ನೀಲಿ, ಕೆಲವು ಕಾಫಿ ಬಣ್ಣ. ವರ್ಷಕ್ಕೊಂದು ಜೋಡಿ. ಇದೇನಪ್ಪಾ ಎಂದು ಬಗ್ಗಿ ನೋಡುತ್ತಿರುವಾಗ ಬಾಗಿಲು ತೆರೆಯಿತು.

ಮೊದಲ ಮನೆಯವರು ನಿವೃತ್ತ ಬಸ್ ಕಂಡಕ್ಟರು. ಕೆಲಸ ಬಿಟ್ಟು ಆರು ವರ್ಷವಾದರೂ ಅಭ್ಯಾಸ ಬಿಟ್ಟಿರಲಿಲ್ಲ. ಬನ್ನಿ ಬನ್ನಿ, ಒಳಗೆ ಜಾಗ ಇದೆ ಎಂದು ಮೇಡಂ ಅವರನ್ನು ಕರೆದು, ಸೋಫಾದ ಮೇಲಿದ್ದ ಹೆಂಡತಿಯನ್ನೂ ಸೊಸೆಯನ್ನೂ ಅಷ್ಟಷ್ಟು ಸರಿಸಿ ಕೂರಿಸಿದರು. ಗಂಡ, ಹೆಂಡತಿ, ಮಗ, ಸೊಸೆ, ಮೊಮ್ಮಗಳು, ಒಟ್ಟು ಐದು. ಮೇಡಂ ಬರೆದುಕೊಂಡರು. ಅಡುಗೆಮನೆಯ ಕಿಟಕಿಯಂಚಿನಲ್ಲಿ ಸ್ಟೀಲಿನ ಲೋಟವೊಂದು ಬೋರಲಾಗಿತ್ತು, ಅದರ ತಳದಲ್ಲಿ ಕಡಲೆಕಾಳಿನಷ್ಟು ಕೆಂಪು ಬಣ್ಣದ ಚುಕ್ಕೆ. ಅಡುಗೆಮನೆಗೆ ಇಣುಕಬೇಕೆಂದು ಹಾಳೆಯಲ್ಲೇನೂ ಇರಲಿಲ್ಲ, ಅದು ಮೇಡಂ ಅವರ ಸ್ವಂತ ಸೇವೆ.

ಎರಡನೆಯ ಮನೆಯಲ್ಲೂ ಅಂಥದೇ ಲೋಟ, ಅಂಥದೇ ಚುಕ್ಕೆ. ಮೂರನೆಯದರಲ್ಲೂ. ನಾಲ್ಕನೆಯ ಮನೆ ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ಕಿನದು. ಅಲ್ಲಿ ಲೋಟದ ಜೊತೆಗೆ ವರಾಂಡದಲ್ಲಿ ಮಡಚಿಟ್ಟ ಮಂಚ, ಮೊಳೆಗೆ ತೂಗುಹಾಕಿದ ಒಂದು ಟವೆಲ್ ಬೇರೆ. ಮನೆಯಲ್ಲಿರುವವರು ನಾಲ್ವರು, ನಾಲ್ವರ ಟವೆಲ್ಲೂ ಹಿತ್ತಲ ಹಗ್ಗದ ಮೇಲಿದ್ದವು. ಮೇಡಂಗೆ ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟರು. ಮೆಕ್ಯಾನಿಕ್ಕಿನ ಹೆಂಡತಿ ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿ, "ಲೋಟ, ಮಂಚ, ಟವೆಲ್ಲು ಎಲ್ಲ ಪೇಂಟರ್ದು. ಈಗ ಅವರು ಎಂಟನೇ ಮನೇಲಿದಾರೆ" ಎಂದರು.

ಮಿಕ್ಕ ಕಥೆಯನ್ನು ಬೀದಿಯವರು ತಲೆಗೊಂದು ತುಂಡಿನಂತೆ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಕಂಡಕ್ಟರು ತಮ್ಮ ಗೇಟಿಗೆ ಬಣ್ಣ ಹೊಡೆಸಲು ಬಸ್ಸಿನಲ್ಲಿ ಪರಿಚಯವಾದ ಒಬ್ಬರನ್ನು ಕರೆತಂದಿದ್ದರು. ಕೈಯಲ್ಲಿ ಬ್ರಶ್ಶುಗಳ ಡಬ್ಬಿ, ಹೆಗಲಿಗೊಂದು ಚೀಲ. ದಿನಾ ಹೋಗಿ ಬರುವುದು ದೂರ, ಕೆಲಸ ಮುಗಿಯುವವರೆಗೆ ವರಾಂಡದಲ್ಲೇ ಮಲಗಲಿ, ಊಟವೂ ಇಲ್ಲೇ ಆಗಲಿ ಎಂದಾಯಿತು. ಈ ಬೀದಿಯಲ್ಲಿ ಬಣ್ಣ ಹೊಡೆಯುವುದೆಂದರೆ ಬ್ರಶ್ಶು ಅದ್ದಿ ಬಳಿಯುವುದಲ್ಲ. ತುಕ್ಕನ್ನು ಕೆರೆಯಬೇಕು, ಸ್ಯಾಂಡ್ ಪೇಪರ್ ಹಾಕಿ ತಿಕ್ಕಬೇಕು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಕೊಡಬೇಕು, ಅದರ ಮೇಲೆ ಎರಡು ಕೈ ಬಣ್ಣ. ಗೇಟು, ಕಿಟಕಿಯ ಸರಳು, ಮಹಡಿಯ ಕಟಕಟೆ, ನೀರಿನ ಪೈಪು; ಮಳೆ ಹಿಡಿದರೆ ಒಳಗೆ ಕೂತು ಮಂಚ, ಟ್ರಂಕು. ಒಂದು ಮನೆಗೆ ತಿಂಗಳ ಮೇಲೆ ಬೇಕು. ಮುಗಿಯುವಷ್ಟರಲ್ಲಿ ಪಕ್ಕದ ಮನೆಯವರು ಕರೆದರು. ಹೀಗೆ ಒಂಬತ್ತೂ ಮನೆ ಮುಗಿಯುವ ಹೊತ್ತಿಗೆ ವರ್ಷ ತುಂಬಿತ್ತು, ಮೊದಲ ಮನೆಯ ಗೇಟಿಗೆ ಮತ್ತೆ ತುಕ್ಕು ಹಿಡಿದಿತ್ತು. ಪೇಂಟರು ಡಬ್ಬಿ ಎತ್ತಿಕೊಂಡು ಮೊದಲ ಮನೆಗೆ ಬಂದರು. ಆಮೇಲೆ ಅವರು ಬೀದಿ ಬಿಟ್ಟು ಹೋಗಲೇ ಇಲ್ಲ. ಹೋಗಬೇಕೆಂಬುದು ಯಾರಿಗೂ, ಅವರಿಗೂ, ನೆನಪಾಗಲಿಲ್ಲ.

ಒಂದು ಮನೆಗೆ ಅವರು ಅಣ್ಣ, ಇನ್ನೊಂದಕ್ಕೆ ಮಾವ. ಮೆಕ್ಯಾನಿಕ್ಕಿನ ಮಕ್ಕಳಿಗೆ ದೊಡ್ಡಪ್ಪ, ಎಂಟನೆಯ ಮನೆಯ ನರ್ಸಮ್ಮನಿಗೆ ಚಿಕ್ಕಪ್ಪ. ಬೀದಿಯವರು ಕ್ಯಾಲೆಂಡರ್ ನೋಡುವುದಕ್ಕಿಂತ ಹೆಚ್ಚಾಗಿ ಅವರನ್ನೇ ನೋಡಿ ಕಾಲ ಹೇಳುತ್ತಿದ್ದರು. ಪೇಂಟರು ಐದನೇ ಮನೇಲಿದ್ದಾಗ ಮಗಳು ಹುಟ್ಟಿದಳು, ಪೇಂಟರು ನಮ್ಮನೆಗೆ ಬರೋದರೊಳಗೆ ನೆಂಟರನ್ನೆಲ್ಲ ಕಳಿಸಿಬಿಡಬೇಕು, ಮಂಚ ಬೇಕಾಗುತ್ತೆ, ಹೀಗೆ. ಕೇಳುತ್ತಾ ಕೇಳುತ್ತಾ ಮೇಡಂ ನಕ್ಕರು. ನಕ್ಕು ಮುಗಿದ ಮೇಲೆ ಹಾಳೆಗಳನ್ನು ತಿರುಗಿಸಿ ನೋಡಿದರೆ ಪೇಂಟರು ಯಾವ ಮನೆಯ ಲೆಕ್ಕದಲ್ಲೂ ಇರಲಿಲ್ಲ. ಈಗ ನಮ್ಮನೇಲಿಲ್ಲವಲ್ಲ, ಇದ್ದವರು ಬರೆಸಿರ್ತಾರೆ ಎಂದು ಒಬ್ಬೊಬ್ಬರೂ ಅಂದುಕೊಂಡಿದ್ದರು. ಗುರುವಾರ ಬೆಳಿಗ್ಗೆ ಎಂಟನೆಯ ಮನೆಗೆ ಹೋದರೆ ಅಲ್ಲೂ ಬರೆಸಲಿಲ್ಲ. ಇನ್ನು ಹದಿನೆಂಟು ದಿನಕ್ಕೆ ಎದುರು ಮನೆಗೆ ಹೋಗುವವರನ್ನು ನಾವು ಬರೆಸಿದರೆ ತಪ್ಪಾಗಲ್ವಾ ಎಂದು ನರ್ಸಮ್ಮನೇ ತಿರುಗಿ ಕೇಳಿದರು.

ಗಣತಿಯ ನಿಯಮವೂ ಹಾಗೆಯೇ ಇತ್ತು. ವರ್ಷದಲ್ಲಿ ಆರು ತಿಂಗಳಾದರೂ ಇದ್ದ ಮನೆಯ ಹಾಳೆಯಲ್ಲಿ ಬರೆಯಬೇಕು. ಅಂಥ ಮನೆ ಇಲ್ಲದಿದ್ದರೆ, ಮನೆಯವರು ನಮ್ಮವರೇ ಎಂದು ಸಹಿ ಹಾಕಿ ಬರೆಸಿಕೊಳ್ಳಬೇಕು, ಅವರೂ ಒಪ್ಪಬೇಕು. ಎರಡೂ ಆಗದಿದ್ದರೆ ಕೊನೆಯಲ್ಲೊಂದು ಹಳದಿ ಹಾಳೆ ಇತ್ತು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಮನೆಯಿಲ್ಲದವರು' ಎಂದು ಅಚ್ಚಾಗಿತ್ತು. ಹೊಸ ಬಡಾವಣೆಯಲ್ಲಿ ಹಳದಿ ಹಾಳೆಯವರಿಗೆ ಏನೂ ಇರಲಿಲ್ಲ. ಒಂಬತ್ತು ಮನೆಯಲ್ಲಿ ಲೋಟ ಇಟ್ಟುಕೊಂಡ ಮನುಷ್ಯನನ್ನು ಅದರಲ್ಲಿ ಬರೆಯುವುದು ಮೇಡಂಗೆ ಸರಿಬರಲಿಲ್ಲ.

ಆದರೆ ಒಂಬತ್ತಲ್ಲ, ಎಂಟು ಎಂದು ಅವರು ಅದೇ ಬೆಳಿಗ್ಗೆ ತಿದ್ದಿಕೊಂಡರು. ಒಂಬತ್ತನೆಯ ಮನೆ ನರ್ಸಮ್ಮನ ಮನೆಗೆ ನೇರ ಎದುರು, ಬಲಗಡೆ ಸಮುದ್ರದ ಗೋಡೆ. ಬೀದಿಯಲ್ಲೇ ಚಿಕ್ಕ ಮನೆ: ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕಿಟಕಿ, ಮೈ ಓರೆ ಮಾಡಿ ನುಗ್ಗುವಷ್ಟು ಗೇಟು. ಮೇಡಂ ಗೇಟು ಹಾಕಹೋದರೆ ಚಿಲಕ ತೂತಿಗೆ ಇಳಿಯಲಿಲ್ಲ. ಬಣ್ಣದ ಮೇಲೆ ಬಣ್ಣ ಕೂತು ಚಿಲಕವೇ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಗೇಟಿನ ಕಬ್ಬಿಣದ ಹೂಬಳ್ಳಿಯಲ್ಲಿ ಎಲೆ ಯಾವುದು, ಮೊಗ್ಗು ಯಾವುದು ಎಂದು ಕಾಣದಷ್ಟು ಅಂಚು ಮುಚ್ಚಿತ್ತು.

ಆ ಮನೆಯಲ್ಲಿದ್ದವರನ್ನು ಬೀದಿಯವರು ಹೊಲಿಗೆಯಮ್ಮ ಅನ್ನುತ್ತಿದ್ದರು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡಿದ್ದ. ಆಗಿನಿಂದ ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದರು. ಈಗ ಐವತ್ತೆರಡು. ಮಾತು ಕಡಿಮೆ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಾಗಂತೂ ಇನ್ನೂ ಕಡಿಮೆ. ಎಷ್ಟು ಜನ ಎಂದರೆ "ನಾನೊಬ್ಬಳೇ" ಎಂದರು. ಮೇಡಂ ನೀರು ಕೇಳುವ ನೆಪದಲ್ಲಿ ಅಡುಗೆಮನೆಯತ್ತ ನೋಡಿದರು. ಹಲಗೆಯ ಮೇಲೆ ಎರಡೇ ಲೋಟ, ಎರಡೂ ಬೋರಲು, ಯಾವುದರ ತಳದಲ್ಲೂ ಕೆಂಪು ಚುಕ್ಕೆ ಇರಲಿಲ್ಲ. ಒಂಟಿ ಹೆಂಗಸಿನ ಮನೆ, ಪೇಂಟರ್ ಊಟ ಬೇರೆ ಕಡೆ ಇರಬೇಕು ಎಂದುಕೊಂಡು ಅವರು '೧' ಎಂದು ಬರೆದು ಎದ್ದರು.

ಸಂಜೆ ಕಂಡಕ್ಟರು ಎಲ್ಲರನ್ನೂ ಸಮುದ್ರದ ಗೋಡೆಯ ಹತ್ತಿರ ಸೇರಿಸಿದರು. ಮೇಡಂ ನಿಯಮವನ್ನು ಓದಿ ಹೇಳಿದರು. ಮೊದಲು ಎಲ್ಲರಿಗೂ ನಾಚಿಕೆಯಾಯಿತು. ಮನೆಯವರ ಹಾಗೆ ಇರುವವರನ್ನು ಮರೆತೆವಲ್ಲ ಎಂದು ಹೆಂಗಸರು ಕೆನ್ನೆಗೆ ಕೈಯಿಟ್ಟುಕೊಂಡರು. ಬಸ್ಸಿನಿಂದ ಇಳಿಸಿಕೊಂಡು ಬಂದವನು ನಾನು, ನನ್ನ ಹಾಳೆಯಲ್ಲೇ ಬರೀರಿ ಎಂದು ಕಂಡಕ್ಟರು ಎದೆ ತಟ್ಟಿದರು. ಅಷ್ಟರಲ್ಲಿ ಮೆಕ್ಯಾನಿಕ್ಕು, ಐದು ಜನ ಇದ್ದ ಮನೆಗೆ ಹೊಸ ಬಡಾವಣೆಯಲ್ಲಿ ಒಂದು ಕೋಣೆ ಹೆಚ್ಚು ಕೊಡ್ತಾರಂತೆ ಹೌದೇ ಎಂದು ಕೇಳಿದ. ಹೌದೆಂದು ಮೇಡಂ ಹೇಳಬೇಕಾಯಿತು.

ಅಲ್ಲಿಂದ ಮಾತಿನ ದಿಕ್ಕೇ ಬದಲಾಯಿತು. ನಾಲ್ಕು ಜನವಿದ್ದ ಮನೆಯವರಿಗೆಲ್ಲ ಪೇಂಟರ ಮೇಲೆ ಪ್ರೀತಿ ಉಕ್ಕಿತು. ನಮ್ಮ ಮನೆಯಲ್ಲೇ ಅವರಿಗೆ ಜ್ವರ ಬಂದಾಗ ಹದಿನೈದು ದಿನ ನೋಡಿಕೊಂಡಿದ್ದು ಎಂದು ಒಬ್ಬರು, ನಮ್ಮ ಮಕ್ಕಳು ದೊಡ್ಡಪ್ಪ ಅಂತಲೇ ಕರೆಯೋದು ಎಂದು ಇನ್ನೊಬ್ಬರು. ಆರು ಜನ ಇದ್ದ ಏಳನೆಯ ಮನೆಯಾತ ಮಾತ್ರ, ಬಣ್ಣ ಹೊಡೆಯೋರನ್ನ ಮನೆಯವರ ಪಟ್ಟಿಯಲ್ಲಿ ಯಾರಾದರೂ ಬರೆಸ್ತಾರೇನ್ರೀ ಎಂದ. ಅವನಿಗೆ ಕೋಣೆಯ ಆಸೆ ಇರಲಿಲ್ಲವಾದ್ದರಿಂದ ಧೈರ್ಯವಾಗಿ ಹೇಳಿದ.

ಪೇಂಟರು ಬಂದು ಹಿಂದೆ ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ಸಣಕಲು ಆಳು, ರೆಪ್ಪೆಯ ಮೇಲೆಲ್ಲ ತುಕ್ಕಿನ ಪುಡಿ, ಕೈಯಲ್ಲಿ ಕೆರೆಯುವ ಬ್ಲೇಡು. ಅವರ ಮುಖದಲ್ಲಿ ಕೋಪವೇನೂ ಇರಲಿಲ್ಲ.

"ನಾನು ಕೋಣೆ ಲೆಕ್ಕಕ್ಕೆ ಬರೋನಲ್ಲ" ಎಂದರು. "ಹಳದಿ ಹಾಳೆ ಇದೆಯಂತಲ್ಲ ಮೇಡಂ, ಅದರಲ್ಲೇ ಬರ್ಕೊಳ್ಳಿ. ಹೊಸ ಮನೇಲಿ ಉಪ್ಪು ಗಾಳಿ ಇಲ್ಲ. ಒಂದ್ಸಲ ಹೊಡೆದ ಬಣ್ಣ ಹತ್ತು ವರ್ಷ ಹಾಗೇ ಇರತ್ತೆ. ಅಲ್ಲಿ ನಂಗೇನು ಕೆಲಸ?"

ಇಷ್ಟು ಹೊತ್ತೂ ಒಂಬತ್ತನೆಯ ಮನೆಯ ಕಿಟಕಿಯಿಂದ ಕೇಳುತ್ತಿದ್ದ ಹೊಲಿಗೆ ಮಿಷನ್ನಿನ ಸದ್ದು ನಿಂತಿರುವುದನ್ನು ಮೇಡಂ ಗಮನಿಸಿದರು. ಬೀದಿಯವರೆಲ್ಲ ಗೋಡೆಯ ಹತ್ತಿರ ಇದ್ದರು, ಹೊಲಿಗೆಯಮ್ಮ ಬಂದಿರಲಿಲ್ಲ. ಪೇಂಟರು ಎಂಟನೆಯ ಮನೆಗೆ ವಾಪಸ್ ಹೋಗಿ ಕೆರೆಯತೊಡಗಿದ ಮೇಲೆ ಮಿಷನ್ನು ಮತ್ತೆ ಶುರುವಾಯಿತು.

ಶುಕ್ರವಾರ ಸಹಿ ಹಾಕಿಸುವ ದಿನ. ಮೇಡಂ ಮತ್ತೆ ಗೇಟಿನಿಂದ ಗೇಟಿಗೆ ನಡೆದು, ಕೂಗಿ, ಕಾದು ನಿಂತರು. ಕಾಯುವಾಗ ಸುಮ್ಮನಿರಲಾರದೆ ಕಂಬದ ತಾರೀಖುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಇಳಿಸಿಕೊಂಡರು. ಎಂಟನೆಯ ಗೇಟಿನಲ್ಲಿ ಪೇಂಟರೇ ಸಿಕ್ಕಿದರು. ಇದೇನು ಬರೆದಿರುವುದು ಎಂದು ಕೇಳಿದ್ದಕ್ಕೆ, ಬಂದ ದಿನ ಮತ್ತು ಹೊರಟ ದಿನ, ಯಾವ ಕಂಪನಿಯ ಬಣ್ಣ ಎಷ್ಟು ತಿಂಗಳು ತಡೆಯುತ್ತೆ ಅಂತ ನೋಡೋದಕ್ಕೆ ಎಂದರು. ಅದು ನಂಬುವ ಮಾತೇ. ಮೇಡಂ ಎದುರು ಗೇಟಿಗೆ ಹೋಗಿ, ಮುಚ್ಚಲಾರದ ಸಂದಿಯಿಂದ ಇಣುಕಿ ಅದರ ತಾರೀಖುಗಳನ್ನೂ ಬರೆದುಕೊಂಡು ಬಂದು, ಆ ಮನೆಗೆ ಯಾಕಷ್ಟು ದಿನ ಎಂದರು.

"ಅದು ಸಮುದ್ರದ ಪಕ್ಕದ ಮನೆ. ಉಪ್ಪು ಜಾಸ್ತಿ" ಎಂದು ಪೇಂಟರು ಬಗ್ಗಿ ಕೆರೆಯತೊಡಗಿದರು.

ಮೇಡಂ ಎಡಕ್ಕೆ ತಿರುಗಿ ನೋಡಿದರು. ಸಮುದ್ರದ ಗೋಡೆ ಅವರು ನಿಂತ ಗೇಟಿನಿಂದ ಹತ್ತು ಹೆಜ್ಜೆ ಇತ್ತು. ಎದುರಿನ ಗೇಟಿನಿಂದಲೂ ಹತ್ತೇ ಹೆಜ್ಜೆ.

ಒಂಬತ್ತನೆಯ ಮನೆಯ ಸಹಿಯನ್ನು ನಾಳೆಗೆ ಉಳಿಸಿಕೊಂಡು ಮನೆಗೆ ಹೋದವರು ಚಹಾ ಆರಿಸಿಕೊಂಡು ಲೆಕ್ಕಕ್ಕೆ ಕೂತರು. ಇಪ್ಪತ್ತೆರಡು ವರ್ಷ, ಒಂಬತ್ತು ಗೇಟು. ಮೊದಲ ವರ್ಷ ಎಂಟು ಮನೆಗಳಿಗೆ ಸುಮಾರು ನಲವತ್ತನಾಲ್ಕು ದಿನದಂತೆ, ಒಂಬತ್ತನೆಯದಕ್ಕೆ ಹನ್ನೆರಡು. ನ್ಯಾಯವೇ, ಎರಡು ಕಿಟಕಿಯ ಮನೆಗೆ ಇನ್ನೆಷ್ಟು ಬೇಕು? ಮರುವರ್ಷ ಉಳಿದವರಿಗೆ ನಲವತ್ತಮೂರೂ ಚಿಲ್ಲರೆ, ಒಂಬತ್ತನೆಯದಕ್ಕೆ ಹದಿನಾಲ್ಕು. ಆಮೇಲೆ ಹತ್ತೊಂಬತ್ತು, ಇಪ್ಪತ್ತೆರಡು. ವರ್ಷ ಕಳೆದಂತೆ ಎಂಟು ಮನೆಯ ಸಾಲು ಅರ್ಧ ದಿನ, ಒಂದು ದಿನ ಇಳಿಯುತ್ತಾ ಹೋಗಿತ್ತು, ಒಂಬತ್ತನೆಯದು ಏರುತ್ತಾ. ಈಗ ಎಂಟು ಮನೆಗೆ ಮೂವತ್ತೇಳು, ಮೂವತ್ತೆಂಟು ದಿನ, ಎಲ್ಲ ಸೇರಿ ಮುನ್ನೂರು. ವರ್ಷದಲ್ಲಿ ಮಿಕ್ಕ ಅರವತ್ತೈದೂ ಒಂಬತ್ತನೆಯ ಗೇಟಿಗೆ. ಮೇಡಂ ಪೆನ್ಸಿಲ್ ಕೆಳಗಿಟ್ಟರು. ಬೀದಿಯಲ್ಲಿ ಒಬ್ಬೊಬ್ಬರಿಗೂ ಗೊತ್ತಿರುವುದು ತಮ್ಮ ತಮ್ಮ ಕಂಬ ಮಾತ್ರ. ಒಂಬತ್ತನ್ನೂ ಒಟ್ಟಿಗೆ ನೋಡಿದವರು, ಬರೆದಾತನನ್ನು ಬಿಟ್ಟರೆ, ಅವರೊಬ್ಬರೇ.

ಮರುದಿನ ಬಸ್ಸಿನಲ್ಲಿ ಕೂತು ಅವರು ಅಷ್ಟೂ ಹೊತ್ತು ತಮ್ಮನ್ನು ತಾವೇ ಬೈದುಕೊಂಡರು. ಸಹಿ ತಗೊಂಡು ಬರುವುದು ಬಿಟ್ಟು ನಿನಗ್ಯಾಕೆ ಊರ ಉಸಾಬರಿ? ಇಪ್ಪತ್ತೆರಡು ವರ್ಷ ಆ ಮನುಷ್ಯ ಬಾಯಿಬಿಟ್ಟು ಹೇಳದಿದ್ದನ್ನು ಹೇಳಲು ನೀನ್ಯಾರು? ಹೇಳದಿದ್ದರೆ ಐದು ಗಂಟೆಗೆ ಹಳದಿ ಹಾಳೆ ಕಚೇರಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಕೊನೆಯ ಸ್ಟಾಪು ಬರುವವರೆಗೂ ಇದು ಬಗೆಹರಿಯಲಿಲ್ಲ. ಇಳಿದು ಬೀದಿಯುದ್ದಕ್ಕೂ ನಡೆದರು. ಎಂಟನೆಯ ಮನೆಯ ಮಹಡಿಯ ಮೇಲೆ ಪೇಂಟರು ಈಚೆಗೆ ಬೆನ್ನು ಹಾಕಿ ಕಟಕಟೆ ಕೆರೆಯುತ್ತಿದ್ದರು, ಕರ ಕರ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಗಂಟೆ ಮೂರಾಗಿತ್ತು.

ಹೊಲಿಗೆಯಮ್ಮ ಮಿಷನ್ ಮುಂದೆಯೇ ಇದ್ದರು. ಸಹಿ ಎಲ್ಲಿ ಎಂದು ಪೆನ್ನು ತಗೊಂಡರು. ಮೇಡಂ ಹಾಳೆಯನ್ನು ಕೊಡದೆ ಕೈಯಲ್ಲೇ ಹಿಡಿದು, ಒಂದು ವಿಷಯ ಕೇಳಬಹುದೇ, ಇದು ಗಣತಿಯ ಪ್ರಶ್ನೆಯಲ್ಲ ಎಂದರು. ಈ ಮನೆಯ ಕೆಲಸಕ್ಕೆ ಪೇಂಟರಿಗೆ ಅರವತ್ತೈದು ದಿನ ಯಾಕೆ ಬೇಕು?

"ವಯಸ್ಸಾಯ್ತಲ್ಲ ಮೇಡಂ" ಎಂದರು ಹೊಲಿಗೆಯಮ್ಮ. "ಮೊದಮೊದಲು ಹನ್ನೆರಡು ದಿನಕ್ಕೇ ಮುಗಿಸೋರು. ಈಗ ಕೈ ನಿಧಾನ ಆಗಿದೆ. ನಾನೂ ಅವಸರ ಮಾಡಲ್ಲ. ಆಡಿದರೆ ಬೇಜಾರು ಮಾಡ್ಕೊಂಡಾರು."

ಮೇಡಂ ನೋಟ್‌ಬುಕ್ಕಿನ ಕೊನೆಯ ಪುಟವನ್ನು ತೆರೆದು ಮಿಷನ್ನಿನ ಹಲಗೆಯ ಮೇಲಿಟ್ಟರು. ಇದು ಕಂಡಕ್ಟರ 
ಮನೆ, ಇದು ಮೆಕ್ಯಾನಿಕ್ಕಿನದು, ಇದು ಎದುರಿನದು, ಕೊನೆಯದು ನಿಮ್ಮದು ಎಂದಷ್ಟೇ ಹೇಳಿದರು. ಹೊಲಿಗೆಯಮ್ಮ ಕನ್ನಡಕ ಸರಿಮಾಡಿಕೊಂಡರು. ಅಂಕಿಗಳ ಸಾಲು ಅವರಿಗೆ ಹೊಸತಲ್ಲ, ಎದೆ, ಸೊಂಟ, ತೋಳು ಎಂದು ದಿನವೂ ಬರೆದುಕೊಳ್ಳುವವರು. ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಒಂದು ಸಾಲು ಓದಿದರು. ಪಕ್ಕದ ಸಾಲು ಓದಿದರು. ಎಂಟೂ ಸಾಲು ಓದಿ ಮುಗಿಸಿ, ತಮ್ಮ ಸಾಲಿಗೆ ಬಂದು, ಅದರ ಕೊನೆಯ ಅಂಕಿಯ ಮೇಲೆ ಬೆರಳು ನಿಲ್ಲಿಸಿದರು.

"ಹಾಗಾದ್ರೆ ಕೈ ನಿಧಾನ ಆಗಿಲ್ಲ" ಎಂದರು.

"ಇಲ್ಲ" ಎಂದರು ಮೇಡಂ.

ಹೊರಗೆ ಬ್ಲೇಡಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಹೊಲಿಗೆಯಮ್ಮ ಅದನ್ನು ಕೇಳುತ್ತಾ ಕೂತರು. ಅವರ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ. ಮೇಡಂಗೆ ತಾವು ಅಲ್ಲಿರಬಾರದಿತ್ತು ಅನಿಸಿತು. ಅಷ್ಟೇ ಬಲವಾಗಿ, ಎದ್ದು ಹೋಗಬಾರದು ಎಂದೂ ಅನಿಸಿತು. ಹೊಲಿಗೆಯಮ್ಮ ಕೈ ಚಾಚಿ ಗಣತಿಯ ಹಾಳೆ ತಗೊಂಡು, ಒಂದು ಎಂದು ಬರೆದಿದ್ದ ಕಡೆ ನೋಡಿದರು.

"ಇದನ್ನ ತಿದ್ದಬಹುದಾ?"

"ಸಹಿ ಆಗೋ ತನಕ ತಿದ್ದಬಹುದು."

"ಎರಡು ಅಂತ ಮಾಡಿ."

ಮೇಡಂ ತಿದ್ದಿದರು. ವಯಸ್ಸೆಷ್ಟು ಎಂದು ಕೇಳುವ ಮೊದಲೇ, ಅರವತ್ತು, ಈ ತಿಂಗಳು ಹತ್ತಕ್ಕೆ ತುಂಬಿತು ಎಂದು ಹೊಲಿಗೆಯಮ್ಮ ಹೇಳಿದರು. ಬೀದಿಯಲ್ಲಿ ಬೇರೆ ಯಾರನ್ನು ಕೇಳಿದರೂ ಅರವತ್ತರ ಆಚೀಚೆ ಎಂದಷ್ಟೇ ಹೇಳಿದ್ದರು. ಮುಂದಿನ ಕಾಲಂ ಸಂಬಂಧ. ಎಂಟು ಮನೆಯಲ್ಲಿ ಕೇಳಿದ್ದರೆ ಎಂಟು ಸಂಬಂಧ ಸಿಗುತ್ತಿದ್ದವು. ಮೇಡಂ ಪೆನ್ನನ್ನು ಆ ಕಾಲಂ ಮೇಲೆ ಹಿಡಿದು, "ನೀವು ಅವರನ್ನ ಏನಂತ ಕರೀತೀರಿ?" ಎಂದರು.

ಹೊಲಿಗೆಯಮ್ಮ ನಿಜವಾಗಿಯೂ ಯೋಚಿಸಿದರು. ಇಪ್ಪತ್ತೆರಡು ವರ್ಷವನ್ನು ಹುಡುಕಿ ನೋಡಿದವರ ಹಾಗೆ ತಲೆಯೆತ್ತಿ, "ಕರೆಯೋದೇ ಇಲ್ಲ" ಎಂದರು. "ಕರೆಯೋಷ್ಟು ದೂರ ಅವರು ಹೋಗೋದೇ ಇಲ್ಲವಲ್ಲ."

ಮೇಡಂ ಆ ಕಾಲಂ ಖಾಲಿ ಬಿಟ್ಟರು. ಇಷ್ಟಕ್ಕೆ ಮುಗಿಯಲಿಲ್ಲ, ಅವರೂ ಒಪ್ಪಬೇಕು ಎಂದು ನೆನಪಿಸಿದರು. ಹಳದಿ ಹಾಳೆಯಲ್ಲಿ ಬರೀರಿ ಎಂದು ಎಲ್ಲರ ಎದುರು ಹೇಳಿದವರು. ನಾಲ್ಕೂವರೆಯ ಬಸ್ಸು ತಪ್ಪಿದರೆ ಐದಕ್ಕೆ ಕಚೇರಿ ಮುಟ್ಟುವುದಿಲ್ಲ. ಹೊಲಿಗೆಯಮ್ಮ ಎಲ್ಲಕ್ಕೂ ಹೂಂ ಎಂದು ಸಹಿ ಹಾಕಿ ಅಡುಗೆಮನೆಗೆ ಎದ್ದು ಹೋದರು. ಒಲೆ ಹೊತ್ತಿದ ಸದ್ದು, ಪಾತ್ರೆಯ ಸದ್ದು. ಬರುವಾಗ ಎರಡು ಕೈಯಲ್ಲೂ ಲೋಟವಿತ್ತು, ಚಹಾದ ಹಬೆ ಏಳುತ್ತಿತ್ತು. ಆ ಮನೆಯಲ್ಲಿದ್ದುದೇ ಎರಡು ಲೋಟ. ಯಾವುದು ಯಾರದೆಂದು ಗುರುತಿಗೆ ಚುಕ್ಕೆ ಹಾಕುವ ಪ್ರಮೇಯ ಅಲ್ಲಿ ಬಂದಿರಲಿಲ್ಲ ಎಂದು ಮೇಡಂಗೆ ಆಗ ಹೊಳೆಯಿತು.

"ಅಯ್ಯೋ, ನನಗೆ ಬೇಡ, ಬಸ್ಸಿಗೆ ಹೊತ್ತಾಯ್ತು" ಎಂದು ಅವರು ಎದ್ದುನಿಂತರು.

"ಇದು ನಿಮಗಲ್ಲ" ಎಂದರು ಹೊಲಿಗೆಯಮ್ಮ.

ಅವರು ಮೆಟ್ಟಿಲಿಳಿದು ಹೊರಟರು. ಎರಡೂ ಕೈ ತುಂಬಿದ್ದರಿಂದ ಗೇಟನ್ನು ಮೊಣಕೈಯಿಂದ ತಳ್ಳಿದರು. ಚಿಲಕ ಬಿದ್ದಿರದ ಗೇಟು ತಳ್ಳಿದೊಡನೆ ತೆರೆದುಕೊಂಡಿತು. ಬೀದಿಯ ನಡುವೆ ನಿಂತು ಎದುರು ಮನೆಯ ಮಹಡಿಯತ್ತ ತಲೆಯೆತ್ತಿ ನೋಡಿದರು. ಕರೆಯಲು ಮಾತು ಬೇಕಿತ್ತು, ಅದು ಅವರಲ್ಲಿ ಇರಲಿಲ್ಲ. ಚಹಾ ಚೆಲ್ಲದಂತೆ ಹಿಡಿದು ಸುಮ್ಮನೆ ನಿಂತರು. ಮೇಡಂ ಹಾಳೆಗಳನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ಕಾದರು. ಅಲೆಯೊಂದು ಗೋಡೆಗೆ ಬಡಿದು ಹಿಂದೆ ಸರಿಯಿತು. ಮೇಲೆ ಕರ ಕರ ಎನ್ನುತ್ತಿದ್ದ ಬ್ಲೇಡು ನಿಂತಿತು. ಗಾಳಿಗೆ ಒಂಬತ್ತನೆಯ ಗೇಟು ವಾಲಿಕೊಂಡು ಬಂದು ಕಂಬವನ್ನು ಮುಟ್ಟಿ, ಹಿಡಿದುಕೊಳ್ಳದೆ, ಮತ್ತೆ ಮೆಲ್ಲಗೆ ತೆರೆದುಕೊಂಡಿತು.